ಸಂಧಾನ ಮುರಿದ ಮೇಲೆ ಕೃಷ್ಣ ಬಂದ!

ಪ್ರಶ್ನೆ: ನಮ್ಮದು ಹತ್ತು ವರ್ಷ ಹಳೆಯ ಕಾರು. ಸ್ಟೀರಿಯೊ ಕಾರಿನ ಜೊತೆಗೇ ಬಂದದ್ದು. ಯುಎಸ್‌ಬಿ, ಬ್ಲೂಟೂತ್ ಎರಡೂ ಇವೆ. ಮೊನ್ನೆ ಮಗ ಬೆಂಗಳೂರಿನಿಂದ ಬರುವಾಗ 64 ಜಿಬಿ ಪೆನ್‌ಡ್ರೈವಿನಲ್ಲಿ ತಾಳಮದ್ದಲೆ, ಭಾವಗೀತೆ, ಹಳೆಯ ಸಿನಿಮಾ ಹಾಡು ತುಂಬಿಕೊಂಡು ಬಂದ. ಚುಚ್ಚಿದರೆ ಸ್ಟೀರಿಯೊ ‘ನೋ ಫೈಲ್’ ಎನ್ನುತ್ತದೆ. ಅದೇ ಪೆನ್‌ಡ್ರೈವ್ ಲ್ಯಾಪ್‌ಟಾಪಿನಲ್ಲಿ ಸೊಗಸಾಗಿ ಹಾಡುತ್ತದೆ. ಹಾಡುಗಳನ್ನು ಹಳೆಯ 8 ಜಿಬಿ ಪೆನ್‌ಡ್ರೈವಿಗೆ ಹಾಕಿ ನೋಡಿದೆವು. ಕೆಲವು ಬರುತ್ತವೆ, ಕೆಲವು ಇಲ್ಲ, ಬಂದವೂ ಹಿಂದುಮುಂದು. ಹದಿನಾಲ್ಕು ಭಾಗದ ‘ಕೃಷ್ಣ ಸಂಧಾನ’ದಲ್ಲಿ ಮೊದಲು ಸಂಧಾನ ಮುರಿದುಬಿತ್ತು, ಆಮೇಲೆ ಕೃಷ್ಣ ಹಸ್ತಿನಾವತಿಗೆ ಬಂದ! ಬ್ಲೂಟೂತ್ ನೋಡೋಣವೆಂದರೆ, ಹೊಸ ಫೋನ್ ತಂದಲ್ಲಿಂದ ಕರೆ ಮಾತ್ರ ಕಾರಿನಲ್ಲಿ ಕೇಳುತ್ತದೆ, ಹಾಡು ಫೋನಿನಲ್ಲೇ ಉಳಿಯುತ್ತದೆ. ಪೇಟೆಯ ಅಂಗಡಿಯವರು ‘ಸೆಟ್ ಹೋಗಿದೆ, ಹೊಸದು ಹಾಕಿಸಿ’ ಎನ್ನುತ್ತಾರೆ. ಹಾಕಿಸಲೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಪತ್ರವೇ ನಿಮ್ಮ ಸೆಟ್ಟಿನ ಪರವಾಗಿ ಸಾಕ್ಷಿ ಹೇಳುತ್ತಿದೆ. ಕರೆ ಬಂದಾಗ ದನಿ ಕೇಳುತ್ತದೆ ಎಂದಮೇಲೆ ಸ್ಪೀಕರು, ಅದರ ತಂತಿ, ಒಳಗಿನ ಆಂಪ್ಲಿಫಯರ್ ಸರಿ ಇವೆ. ಹಳೆಯ ಪೆನ್‌ಡ್ರೈವಿನಿಂದ ನಾಲ್ಕಾದರೂ ಹಾಡು ಬರುತ್ತವೆ ಎಂದಮೇಲೆ ಯುಎಸ್‌ಬಿ ಕಿಂಡಿಯೂ ಕೆಲಸ ಮಾಡುತ್ತಿದೆ. ಉಳಿದದ್ದು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಸಣ್ಣ ತಕರಾರು. ನಾಲ್ಕೂ ಒಟ್ಟಿಗೇ ಕಂಡದ್ದರಿಂದ ಸೆಟ್ಟೇ ಹೋಯಿತೆಂದು ತೋರಿದೆ.

ಗಂಟು ಬಿಚ್ಚುವವರು ಯಾರು?

ಒಂದು ವಿಷಯ ತಿಳಿದುಕೊಂಡರೆ ಉಳಿದದ್ದು ಸುಲಭ. ಎಂಪಿ3 ಎನ್ನುವುದು ಮಡಿಸಿ, ಒತ್ತಿ ಕಟ್ಟಿಟ್ಟ ಬಟ್ಟೆಯ ಗಂಟಿನ ಹಾಗೆ. ಯಾರಾದರೂ ಬಿಚ್ಚಿದ ಮೇಲೆಯೇ ಅದು ಹಾಡಾಗುವುದು. ಪೆನ್‌ಡ್ರೈವ್ ಚುಚ್ಚಿದಾಗ ಬಿಚ್ಚುವ ಕೆಲಸ ಪೂರ್ತಿ ಸ್ಟೀರಿಯೊದ್ದು. ಪೆನ್‌ಡ್ರೈವಿನೊಳಗೆ ಫೈಲುಗಳನ್ನು ಜೋಡಿಸಿಟ್ಟ ರೀತಿ ಅದಕ್ಕೆ ಓದಲು ಬರಬೇಕು, ಆಮೇಲೆ ಆ ಬಗೆಯ ಗಂಟು ಬಿಚ್ಚಲೂ ಬರಬೇಕು. ಕಾರ್ಖಾನೆಯಲ್ಲಿ ಎಷ್ಟು ಕಲಿಸಿ ಕಳಿಸಿದ್ದಾರೋ ಅಷ್ಟೇ ಅದರ ವಿದ್ಯೆ.

ಬ್ಲೂಟೂತ್‌ನಲ್ಲಿ ಬಿಚ್ಚುವುದು ಫೋನು. ಬಿಚ್ಚಿದ ದನಿಯನ್ನು ಅದು ಸಾಮಾನ್ಯವಾಗಿ ಎಸ್‌ಬಿಸಿ ಎಂಬ ಇನ್ನೊಂದು ಬಗೆಯಲ್ಲಿ ಮತ್ತೆ ಮಡಿಸಿ ಕಾರಿಗೆ ಕಳಿಸುತ್ತದೆ. ಬ್ಲೂಟೂತ್‌ನಲ್ಲಿ ಹಾಡು ಕೇಳಿಸುವ, ನಿಮ್ಮ ಕಾರಿನ ಕಾಲದ ಯಾವ ಯಂತ್ರಕ್ಕೇ ಆಗಲಿ ಎಸ್‌ಬಿಸಿ ಬರಲೇಬೇಕೆಂಬುದು ನಿಯಮ. ಹಾಗಾಗಿ ಫೋನಿನಲ್ಲಿ ಹಾಡುವುದೆಲ್ಲ ಕಾರಿನಲ್ಲೂ ಹಾಡುತ್ತದೆ. ಫೈಲ್ ಯಾವ ಬಗೆಯದೆಂದು ಸ್ಟೀರಿಯೊಗೆ ಗೊತ್ತೇ ಆಗುವುದಿಲ್ಲ.

ತಪ್ಪು ಹುಡುಕುವ ದಾರಿಯೂ ಇದರಲ್ಲೇ ಇದೆ. ಮೊದಲು ಎಫ್‌ಎಂ ಹಾಕಿ. ಅದೂ ಮೂಕವಾಗಿದ್ದರೆ ದೋಷ ಸ್ಪೀಕರು, ತಂತಿ, ಫ್ಯೂಸಿನ ಕಡೆಗೆ. ಪೆನ್‌ಡ್ರೈವ್ ಬದಲಿಸಿ ಫಲವಿಲ್ಲ. ಎಫ್‌ಎಂ ಸರಿಯಿದ್ದು, ಒಂದು ಹಾಡು ಬ್ಲೂಟೂತ್‌ನಲ್ಲಿ ಬಂದು ಪೆನ್‌ಡ್ರೈವಿನಲ್ಲಿ ಬಾರದಿದ್ದರೆ ತಪ್ಪು ಪೆನ್‌ಡ್ರೈವಿನದು ಅಥವಾ ಆ ಫೈಲಿನದು. ಪೆನ್‌ಡ್ರೈವಿನಲ್ಲಿ ಬಂದು ಬ್ಲೂಟೂತ್‌ನಲ್ಲಿ ಬಾರದಿದ್ದರೆ ಫೋನು–ಕಾರಿನ ನಡುವಿನ ಒಪ್ಪಂದ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಪೆನ್‌ಡ್ರೈವ್, ಫೋನು, ಸೆಟ್ಟಿಂಗು ಮೂರನ್ನೂ ಒಟ್ಟಿಗೆ ಬದಲಿಸಿದರೆ ಹಾಡು ಬಂದರೂ ಯಾತರಿಂದ ಬಂತೆಂದು ತಿಳಿಯದು.

‘ನೋ ಫೈಲ್’ ಎಂದರೆ...

ಫೈಲ್ ಇಲ್ಲವೆಂದಲ್ಲ, ‘ನನಗೆ ಕಾಣುತ್ತಿಲ್ಲ’ ಎಂದು. ಪೆನ್‌ಡ್ರೈವಿನಲ್ಲಿ ಯಾವ ಫೈಲ್ ಎಲ್ಲಿದೆ ಎಂದು ಬರೆದಿಡುವ ಲೆಕ್ಕದ ಪದ್ಧತಿಗಳು ಹಲವು. 1993ರಲ್ಲಿ ಬಂದದ್ದು ಎನ್‌ಟಿಎಫ್‌ಎಸ್, 1996ರಲ್ಲಿ ಫ್ಯಾಟ್32, 2006ರಲ್ಲಿ ಎಕ್ಸ್‌ಫ್ಯಾಟ್. ಮೂರೂ ಮೈಕ್ರೊಸಾಫ್ಟ್‌ನವೇ. ಲ್ಯಾಪ್‌ಟಾಪಿಗೆ ಮೂರೂ ಗೊತ್ತು. ಹಳೆಯ ಕಾರ್ ಸ್ಟೀರಿಯೊಗಳಲ್ಲಿ ಹೆಚ್ಚಿನವಕ್ಕೆ ಗೊತ್ತಿರುವುದು ಫ್ಯಾಟ್32 ಮಾತ್ರ. ಎಕ್ಸ್‌ಫ್ಯಾಟ್ ಬಹುಕಾಲ ಪರವಾನಗಿ ಪಡೆದವರಿಗಷ್ಟೇ ದಕ್ಕುವ ತಂತ್ರವಾಗಿತ್ತು. ಅದರ ಪೂರ್ತಿ ವಿವರವನ್ನು ಮೈಕ್ರೊಸಾಫ್ಟ್ ಎಲ್ಲರಿಗೂ ತೆರೆದಿಟ್ಟದ್ದು 2019ರಲ್ಲಿ. ನಿಮ್ಮ ಕಾರು ಅದಕ್ಕಿಂತ ಹಳೆಯದು.

64 ಜಿಬಿಯ ಪೆನ್‌ಡ್ರೈವುಗಳಲ್ಲಿ ಅನೇಕವು ಅಂಗಡಿಯಿಂದ ಬರುವಾಗಲೇ ಎಕ್ಸ್‌ಫ್ಯಾಟ್ ಆಗಿರುತ್ತವೆ. ನಿಮ್ಮದು ಯಾವುದೆಂದು ನೋಡಲು ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವಿನ ಮೇಲೆ ಬಲ ಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆಯಿರಿ. ‘ಫೈಲ್ ಸಿಸ್ಟಮ್’ ಎಂಬ ಸಾಲಿನಲ್ಲಿ ಬರೆದಿರುತ್ತದೆ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಎಂದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಹಾಡುಗಳನ್ನು ಲ್ಯಾಪ್‌ಟಾಪಿಗೆ ತೆಗೆದಿಟ್ಟುಕೊಂಡು ಪೆನ್‌ಡ್ರೈವನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಬೇಕು. ಫಾರ್ಮ್ಯಾಟ್ ಎಂದರೆ ಸ್ಲೇಟು ಒರೆಸಿದಂತೆ, ತೆಗೆದಿಡದಿದ್ದರೆ ಹೋದದ್ದು ಹೋಯಿತು.

ಇಲ್ಲೊಂದು ತೊಡಕಿದೆ. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿ ಫ್ಯಾಟ್32 ಎಂಬ ಆಯ್ಕೆಯನ್ನು ಕೊಡುತ್ತ ಬಂದಿರುವುದು 32 ಜಿಬಿಯವರೆಗೆ ಮಾತ್ರ. 64 ಜಿಬಿಯ ಪೆನ್‌ಡ್ರೈವಿಗೆ ಬೇರೆ ತಂತ್ರಾಂಶ ಹುಡುಕಬೇಕಾಗಬಹುದು. ಅದಕ್ಕಿಂತ 16 ಜಿಬಿಯದೊಂದನ್ನು ಕಾರಿಗೆಂದೇ ಇಟ್ಟುಬಿಡಿ. ಸಾಲುತ್ತದೆಯೇ ಎಂಬ ಅನುಮಾನ ಬೇಡ. 128 ಕಿಲೋಬಿಟ್ ವೇಗದ ಎಂಪಿ3 ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂಬಿ ಹಿಡಿಯುತ್ತದೆ. ಎಂದರೆ 8 ಜಿಬಿಯಲ್ಲೇ 130 ಗಂಟೆಗೂ ಮಿಕ್ಕು ಹಾಡು. ಶಿರಸಿಯಿಂದ ಬೆಂಗಳೂರಿಗೆ ಎಂಟು ಗಂಟೆ ಎಂದಿಟ್ಟುಕೊಂಡರೂ ಎಂಟು ಸಲ ಹೋಗಿ ಎಂಟು ಸಲ ಬರಬಹುದು, ಕೇಳಿದ್ದನ್ನು ಮತ್ತೆ ಕೇಳದೆ. ಬರೀ ಮಾತು, ಮದ್ದಲೆಯ ತಾಳಮದ್ದಲೆಗೆ 64 ಕಿಲೋಬಿಟ್ ಸಾಕು. ಹಾಗೆ ಇಟ್ಟರೆ ಇದರ ಎರಡರಷ್ಟು.

ಚೀಟಿ ಬದಲಿಸಿದರೆ ಸಾಲದು

ಇನ್ನು, ಕೆಲವು ಬಂದು ಕೆಲವು ಬಾರದಿರುವುದು. ಬಾರದವುಗಳ ಹೆಸರಿನ ಕೊನೆ ನೋಡಿ. ಫೋನಿನ ರೆಕಾರ್ಡರಿನಲ್ಲಿ ಮುದ್ರಿಸಿದ ತಾಳಮದ್ದಲೆಗೆ ಸಾಮಾನ್ಯವಾಗಿ ಎಂ4ಎ ಎಂದಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಗುಂಡಿ ಒತ್ತಿ ಹಿಡಿದು ಕಳಿಸಿದ ದನಿಗೆ ಓಪಸ್, ಸಂಗೀತದ ಹುಚ್ಚಿನವರು ಕೊಟ್ಟದ್ದಕ್ಕೆ ಫ್ಲ್ಯಾಕ್. ಹಳೆಯ ಸೆಟ್ಟುಗಳು ಎಂಪಿ3, ಡಬ್ಲ್ಯುಎಂಎ ಎರಡನ್ನು ಬಲ್ಲವು; ಕೆಲವಕ್ಕೆ ಎಂ4ಎಯೊಳಗಿನ ಎಎಸಿಯೂ ಗೊತ್ತು. ಓಪಸ್ ಎಂದರೆ ಕಣ್ಣು ಪಿಳಿಪಿಳಿ.

ಹೆಸರಿನ ಕೊನೆಯನ್ನು ಎಂಪಿ3 ಎಂದು ತಿದ್ದಿದರೆ ಆಗದೇ ಎಂದು ಕೇಳುವವರಿದ್ದಾರೆ. ಉಪ್ಪಿನ ಡಬ್ಬಿಗೆ ‘ಸಕ್ಕರೆ’ ಎಂದು ಚೀಟಿ ಅಂಟಿಸಿದರೆ ಚಹಾ ಸಿಹಿಯಾಗುವುದಿಲ್ಲ. ನಿಜವಾಗಿ ಪರಿವರ್ತಿಸಲೇಬೇಕು. ವಿಎಲ್‌ಸಿ ಎಂಬ ಉಚಿತ ತಂತ್ರಾಂಶದಲ್ಲಿ ‘ಕನ್ವರ್ಟ್’ ಎಂಬ ಆಯ್ಕೆಗೆ ಹೋಗಿ, ಎಂಪಿ3 ಆರಿಸಿ, 44,100 ಹರ್ಟ್ಸ್, 128ರಿಂದ 192 ಕಿಲೋಬಿಟ್ ಎಂದು ಕೊಟ್ಟರೆ ಮುಗಿಯಿತು. ತಿಂಗಳ ಚಂದಾ ಕೊಟ್ಟು ಕೇಳುವ ಆ್ಯಪ್‌ಗಳಲ್ಲಿ ‘ಡೌನ್‌ಲೋಡ್’ ಮಾಡಿದ ಹಾಡಿಗೆ ಮಾತ್ರ ಈ ಉಪಾಯ ನಡೆಯದು. ಅದಕ್ಕೆ ಬೀಗ ಹಾಕಿರುತ್ತಾರೆ, ಆ ಆ್ಯಪ್‌ನೊಳಗೇ ತೆರೆಯಬೇಕು. ಅಂಥದ್ದನ್ನು ಬ್ಲೂಟೂತ್‌ನಲ್ಲಿ ಕೇಳಿ.

ಪೆನ್‌ಡ್ರೈವ್ ಬೇಡ, ಫೋನನ್ನೇ ಕೇಬಲ್‌ನಿಂದ ಚುಚ್ಚೋಣ ಎಂದು ಹೊರಟವರಿಗೆ ಒಂದು ಮಾತು. ಈಗಿನ ಆಂಡ್ರಾಯ್ಡ್ ಫೋನು ಪೆನ್‌ಡ್ರೈವಿನ ಹಾಗೆ ತೆರೆದುಕೊಳ್ಳುವುದಿಲ್ಲ, ಅದು ಬೇರೆ ರೀತಿಯಲ್ಲಿ ಮಾತಾಡುತ್ತದೆ. ಆ ಭಾಷೆ ಹಳೆಯ ಸ್ಟೀರಿಯೊಗಳಿಗೆ ತಿಳಿಯದು. ಚಾರ್ಜ್ ಆಗುತ್ತದೆ, ಹಾಡು ಬರುವುದಿಲ್ಲ. ಹಾಗೆಯೇ ಕಾರಿನಲ್ಲಿ ಎರಡು ಕಿಂಡಿಗಳಿದ್ದರೆ ಒಂದು ಬರೀ ಚಾರ್ಜಿಗೆಂದು ಇಟ್ಟದ್ದಿರಬಹುದು. ಅದರಲ್ಲಿ ಯಾವ ಪೆನ್‌ಡ್ರೈವೂ ಹಾಡದು.

ಕೃಷ್ಣ ತಡವಾಗಿ ಬಂದದ್ದೇಕೆ?

ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ಕಾರಣ ಎರಡಿರಬಹುದು.

ಒಂದು, ಹೆಸರಿನದು. ಮಗ ಫೈಲುಗಳಿಗೆ ‘ಭಾಗ 1’, ‘ಭಾಗ 2’ ಎಂದು ಹದಿನಾಲ್ಕರವರೆಗೆ ಹೆಸರಿಟ್ಟಿದ್ದಾನೆ ಎಂದುಕೊಳ್ಳೋಣ. ಹೆಸರಿನ ಪ್ರಕಾರ ಜೋಡಿಸುವ ಸ್ಟೀರಿಯೊ ಅದನ್ನು ಸಂಖ್ಯೆಯೆಂದು ಓದುವುದಿಲ್ಲ, ಅಕ್ಷರದ ಹಾಗೆ ಒಂದೊಂದೇ ಅಂಕಿ ನೋಡುತ್ತ ಹೋಗುತ್ತದೆ. 1 ಆಯಿತು. ಮುಂದೆ 1ರಿಂದಲೇ ಶುರುವಾಗುವ 10, 11, 12, 13, 14. ಅವೆಲ್ಲ ಮುಗಿದ ಮೇಲೆ 2. ಪೀಠಿಕೆ ಮುಗಿಯುತ್ತಲೇ ಕೌರವ ಸಂಧಾನವನ್ನು ಮುರಿದ, ಆಮೇಲೆ ಕೃಷ್ಣ ಬಂದ. ನಿಮ್ಮ ಪತ್ರದ ವಿವರಣೆ ಇದಕ್ಕೆ ಸರಿಯಾಗಿ ಹೊಂದುತ್ತದೆ. 01, 02, 03 ಎಂದು ಹೆಸರಿಟ್ಟರೆ ತಕರಾರು ತೀರಿತು. ಭಾಗಗಳು ನೂರು ಮುಟ್ಟಿದರೆ 001.

ಎರಡನೆಯದು ಸ್ವಲ್ಪ ವಿಚಿತ್ರ. ಕೆಲವು ಸ್ಟೀರಿಯೊಗಳು ಹೆಸರನ್ನು ನೋಡುವುದೇ ಇಲ್ಲ. ಫ್ಯಾಟ್32ರ ಲೆಕ್ಕದ ಪುಸ್ತಕ ಮದುವೆಮನೆಯಲ್ಲಿ ಉಡುಗೊರೆ ಬರೆಯುವ ಪುಸ್ತಕದಂತೆ. ಯಾರು ಮೊದಲು ಬಂದರೋ ಅವರ ಹೆಸರು ಮೇಲೆ. ಲ್ಯಾಪ್‌ಟಾಪು ನಮಗೆ ತೋರಿಸುವಾಗ ಅದನ್ನು ಅಂದವಾಗಿ ಜೋಡಿಸಿ ತೋರಿಸುತ್ತದೆ, ಸ್ಟೀರಿಯೊ ಪುಸ್ತಕದಲ್ಲಿ ಇದ್ದ ಹಾಗೆ ಓದುತ್ತದೆ. ಜೊತೆಗೆ, ನೀವೊಂದು ಫೈಲ್ ಅಳಿಸಿದರೆ ಆ ಸಾಲು ಖಾಲಿ ಬೀಳುತ್ತದೆ, ಮುಂದೆ ಬರುವ ಹೊಸ ಫೈಲ್ ಅಲ್ಲಿ ನುಸುಳಿ ಕೂರಬಹುದು. ಹೀಗಾಗಿ ನಿನ್ನೆ ಹಾಕಿದ ಹಾಡು ಇದ್ದಕ್ಕಿದ್ದಂತೆ ನಡುವೆ ಕೇಳುತ್ತದೆ. ಪರಿಹಾರ: ಹೊಸ ಫೋಲ್ಡರ್ ಮಾಡಿ, ಎಲ್ಲ ಭಾಗಗಳನ್ನೂ ಆಯ್ದುಕೊಂಡು, ಮೊದಲ ಫೈಲನ್ನೇ ಮೌಸಿನಲ್ಲಿ ಹಿಡಿದು ಎಳೆದುಹಾಕಿ. ನಡುವಿನ ಫೈಲನ್ನು ಹಿಡಿದು ಎಳೆದರೆ ನಕಲು ಅಲ್ಲಿಂದಲೇ ಶುರುವಾಗುತ್ತದೆ. ಈ ಕೆಲಸಕ್ಕೆಂದೇ ಇರುವ ‘ಫ್ಯಾಟ್‌ಸಾರ್ಟ್’ನಂಥ ಉಚಿತ ತಂತ್ರಾಂಶಗಳೂ ಇವೆ.

ಇದನ್ನೆಲ್ಲ ಮಾಡುವ ಮೊದಲು ಸ್ಟೀರಿಯೊದ ‘ಶಫಲ್’ ಅಥವಾ ‘ರ‍್ಯಾಂಡಮ್’ ಗುಂಡಿ ಆರಿದೆಯೇ ನೋಡಿ. ಮೊಮ್ಮಕ್ಕಳು ಒತ್ತಿ ಹೋಗಿರುತ್ತಾರೆ.

ನೀವು ಕೇಳಿಲ್ಲ, ಆದರೆ ಇಷ್ಟಾದ ಮೇಲೆ ಕೇಳುವಿರಿ: ಹಾಡಿನ ಹೆಸರು ಕನ್ನಡದಲ್ಲಿದ್ದರೆ ಪರದೆಯ ಮೇಲೆ ಬರೀ ಚೌಕಗಳು ಬರುತ್ತವಲ್ಲ, ಏಕೆ? ಗಣಕದ ವಿಶ್ವಲಿಪಿ ಪಟ್ಟಿಯಾದ ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೂ ಇದೆ. ಫೈಲಿನಲ್ಲಿ ಬರೆದದ್ದು ಸರಿಯಾಗಿಯೇ ಇದೆ. ಸ್ಟೀರಿಯೊದಲ್ಲಿ ಕನ್ನಡದ ಅಕ್ಷರರೂಪ ಇಲ್ಲ, ಒತ್ತಕ್ಷರ ಕೂಡಿಸುವ ವ್ಯವಸ್ಥೆಯೂ ಇಲ್ಲ. ಹಾಡಿಗೆ ಇದರಿಂದ ಏನೂ ಆಗುವುದಿಲ್ಲ. ಓದಲೇಬೇಕೆಂದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಆದರೆ ಫೈಲಿನ ಹೆಸರು ಬದಲಿಸಿದ ಮೇಲೂ ಚೌಕಗಳೇ ಬಂದರೆ ಗಾಬರಿ ಬೇಡ. ಬಹಳಷ್ಟು ಸ್ಟೀರಿಯೊಗಳು ತೋರಿಸುವುದು ಫೈಲಿನೊಳಗೆ ಅಡಗಿರುವ ‘ಟ್ಯಾಗ್’ ಎಂಬ ಚೀಟಿಯನ್ನು, ಅದನ್ನೂ ತಿದ್ದಬೇಕು.

ಕರೆಗೊಂದು ದಾರಿ, ಹಾಡಿಗೊಂದು ದಾರಿ

ಈಗ ಬ್ಲೂಟೂತ್. ‘ಕನೆಕ್ಟೆಡ್ ಅಂತ ತೋರಿಸುತ್ತದೆ, ಕರೆಯೂ ಬರುತ್ತದೆ, ಹಾಡೇಕಿಲ್ಲ?’ ಎಂಬುದು ನಿಮ್ಮೊಬ್ಬರ ಪ್ರಶ್ನೆಯಲ್ಲ. ನಮಗೆ ಒಂದೇ ಸಂಪರ್ಕವೆಂದು ಕಾಣುವುದರೊಳಗೆ ಬೇರೆ ಬೇರೆ ಒಪ್ಪಂದಗಳಿವೆ. ಕರೆಯ ದನಿ ಹೋಗಿಬರುವುದು ಎಚ್‌ಎಫ್‌ಪಿ ಎಂಬ ದಾರಿಯಲ್ಲಿ. ಹಾಡು ಹೋಗುವುದು ಎ2ಡಿಪಿ ಎಂಬ ದಾರಿಯಲ್ಲಿ. ಮುಂದಿನ ಹಾಡು, ಹಿಂದಿನ ಹಾಡು ಎಂಬ ಗುಂಡಿಗಳ ಅಪ್ಪಣೆ ಹೋಗುವುದು ಎವಿಆರ್‌ಸಿಪಿ ಎಂಬ ಮೂರನೆಯದರಲ್ಲಿ. ಒಂದು ದಾರಿ ಕಟ್ಟಿಕೊಂಡಿದ್ದರೂ ಇನ್ನೊಂದು ತೆರೆದೇ ಇರುತ್ತದೆ. ಕೆಲವು ಅಗ್ಗದ ಸೆಟ್ಟುಗಳಲ್ಲಿ ಮೊದಲನೆಯದು ಮಾತ್ರ ಇತ್ತು. ಅಂಥವುಗಳಲ್ಲಿ ಎಷ್ಟು ಗುದ್ದಾಡಿದರೂ ಹಾಡು ಬಾರದು. ನಿಮ್ಮದರಲ್ಲಿ ಹಳೆಯ ಫೋನಿನ ಹಾಡು ಬರುತ್ತಿತ್ತೆಂದರೆ ಎರಡನೆಯದೂ ಇದೆ.

ಮೊದಲು ಸ್ಟೀರಿಯೊದಲ್ಲಿ ‘ಸೋರ್ಸ್’ ಒತ್ತಿ ‘ಬಿಟಿ ಆಡಿಯೊ’ಗೆ ಬನ್ನಿ. ಎಫ್‌ಎಂ ಹಾಕಿಕೊಂಡಿದ್ದರೂ ಕರೆ ತಾನಾಗಿ ನುಗ್ಗುತ್ತದೆ, ಹಾಡಿಗೆ ಆ ಅಧಿಕಾರವಿಲ್ಲ, ನೀವೇ ಕರೆಯಬೇಕು. ಆಮೇಲೆ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಕಾರಿನ ಹೆಸರಿನ ಪಕ್ಕದ ಹಲ್ಲುಚಕ್ರದ ಗುರುತು ಒತ್ತಿ. ‘ಫೋನ್ ಕಾಲ್ಸ್’, ‘ಮೀಡಿಯಾ ಆಡಿಯೊ’ ಎಂಬ ಎರಡು ಸ್ವಿಚ್ಚುಗಳು ಕಾಣುತ್ತವೆ. ಎರಡನೆಯದು ಆರಿದ್ದರೆ ಹಚ್ಚಿ. ಹೊಸ ಫೋನ್ ತಂದವರಲ್ಲಿ ಬಹಳ ಜನರ ಕಥೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ನಂಟು ಕಡಿದು ಹೊಸದಾಗಿ ಬೆಸೆಯಬೇಕು. ಮೊದಲ ಸಲ ಪೇರ್ ಮಾಡುವಾಗ ಫೋನೂ ಕಾರೂ ಒಂದು ಗುಪ್ತ ಕೀಲಿಯನ್ನು ಹಂಚಿಕೊಂಡು ಎರಡೂ ಕಡೆ ಇಟ್ಟುಕೊಳ್ಳುತ್ತವೆ. ಫೋನಿನಲ್ಲಿ ಮಾತ್ರ ಅಳಿಸಿದರೆ ಕಾರು ಹಳೆಯ ಕೀಲಿಯನ್ನೇ ಹಿಡಿದು ಕಾಯುತ್ತದೆ. ಎರಡರಲ್ಲೂ ಅಳಿಸಿ, ಎರಡನ್ನೂ ಒಮ್ಮೆ ಆರಿಸಿ ಹಚ್ಚಿ, ಮತ್ತೆ ಪೇರ್ ಮಾಡಿ. ಕಾರಿನ ಪಟ್ಟಿಯಲ್ಲಿ ಜಾಗವೂ ಕೆಲವೇ ಫೋನಿಗೆ. ಮಾರಿಹೋದ ಫೋನು, ಬಂದು ಹೋದ ನೆಂಟರ ಫೋನು ಎಲ್ಲ ಅಲ್ಲೇ ಕೂತಿದ್ದರೆ ಹೊಸದಕ್ಕೆ ಎಡೆಯಿಲ್ಲ. ಇವೆಲ್ಲ ಗಾಡಿ ನಿಲ್ಲಿಸಿಕೊಂಡು ಮಾಡುವ ಕೆಲಸ.

ನನ್ನದೇ ಒಂದು ಪೇಚು ಹೇಳುತ್ತೇನೆ. ಒಂದಷ್ಟು ದಿನ ಬೆಳಿಗ್ಗೆ ಕಾರು ಹೊರಡಿಸಿದರೆ ನನ್ನ ಫೋನ್ ಕನೆಕ್ಟೇ ಆಗುತ್ತಿರಲಿಲ್ಲ. ಫೋನನ್ನು ಬೈದೆ, ಕಾರನ್ನು ಬೈದೆ. ಒಂದು ದಿನ ಗೇಟು ತೆಗೆಯಲು ಇಳಿದವನಿಗೆ ಕಾರಿನೊಳಗಿಂದ ವೆಂಕಟೇಶ್ವರ ಸುಪ್ರಭಾತ ಕೇಳಿತು. ಅದೇ ಹೊತ್ತಿಗೆ ಅಡುಗೆಮನೆಯಿಂದ ಅತ್ತಿಗೆಯ ದನಿ: ‘ಅಯ್ಯೋ, ನನ್ನ ಫೋನಿಗೇನಾಯ್ತು, ಹಾಡು ನಿಂತೇಹೋಯ್ತಲ್ಲ!’ ಹಿಂದಿನ ತಿಂಗಳು ಊರಿಗೆ ಹೋಗುವಾಗ ಅವರ ಫೋನನ್ನೂ ಕಾರಿಗೆ ಪೇರ್ ಮಾಡಿದ್ದೆವು. ಗೋಡೆಯಾಚೆ ಅಂಗಳದಲ್ಲಿ ನಿಂತ ಕಾರು ದಿನಾ ಮೊದಲು ಸಿಕ್ಕಿದ ಅವರ ಫೋನನ್ನೇ ಹಿಡಿದುಕೊಳ್ಳುತ್ತಿತ್ತು. ಕಾರಿನ ಪಟ್ಟಿಯಿಂದ ಅದನ್ನು ಅಳಿಸಿದೆ. ಸುಪ್ರಭಾತ ಅಡುಗೆಮನೆಗೆ ಮರಳಿತು.

ದನಿ ಸಣ್ಣದು ಎಂಬ ದೂರಿಗೂ ಇಲ್ಲೇ ಉತ್ತರವಿದೆ. ಬ್ಲೂಟೂತ್‌ನಲ್ಲಿ ವಾಲ್ಯೂಮ್ ಎರಡು ಕಡೆ. ತೊಟ್ಟಿಯ ಗೇಟ್‌ವಾಲ್ವ್ ಅರ್ಧ ಮುಚ್ಚಿದ್ದರೆ ಬಚ್ಚಲ ನಲ್ಲಿಯನ್ನು ಎಷ್ಟು ತಿರುಗಿಸಿದರೂ ನೀರು ಸಣ್ಣಗೇ ಬರುತ್ತದೆ. ಫೋನಿನ ವಾಲ್ಯೂಮನ್ನು ಮುಕ್ಕಾಲಿಗಿಂತ ಮೇಲಿಟ್ಟು, ಹೆಚ್ಚುಕಡಿಮೆಯನ್ನು ಕಾರಿನ ತಿರುಗುಣಿಯಲ್ಲಿ ಮಾಡಿ.

ಹಾಡು ತಡೆದು ತಡೆದು ಬರುತ್ತಿದ್ದರೆ ಮೊದಲು ಒಂದು ಪರೀಕ್ಷೆ: ಫೋನಿನೊಳಗೇ ಇರುವ ಹಾಡನ್ನು ಹಾಕಿ ನೋಡಿ. ಅದು ಸರಾಗವಾಗಿ ಬಂದರೆ ಬ್ಲೂಟೂತ್ ನಿರಪರಾಧಿ, ತಡೆದದ್ದು ಇಂಟರ್‌ನೆಟ್. ಕುಮಟಾಕ್ಕೆ ಇಳಿಯುವಾಗ ದೇವಿಮನೆ ಘಟ್ಟದಲ್ಲಿ ಹಾಡು ನಿಂತರೆ ಸ್ಟೀರಿಯೊವನ್ನು ಬೈಯಬೇಡಿ. ಫೋನಿನೊಳಗಿನ ಹಾಡೂ ತಡೆದರೆ ಬ್ಯಾಟರಿ ಉಳಿಸುವ ಸೆಟ್ಟಿಂಗನ್ನು ಆಫ್ ಮಾಡಿ. ಪರದೆ ಕಪ್ಪಾದೊಡನೆ ಅದು ಹಾಡಿನ ಆ್ಯಪ್‌ನ ಕತ್ತು ಹಿಸುಕುತ್ತದೆ. ಫೋನನ್ನು ಹಿಂದಿನ ಜೇಬಿನಿಂದ ತೆಗೆದು ಮುಂದಿಡಿ. ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಸ್‌ನಲ್ಲಿ. ಆ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ, ನಮ್ಮ ಮೈಯಲ್ಲಿ ಹೆಚ್ಚಿನ ಪಾಲು ನೀರೇ.

ಹೊಸ ಸೆಟ್ ಯಾವಾಗ?

ಫ್ಯಾಟ್32ರ ಮೂರು ಬೇರೆ ಬೇರೆ ಪೆನ್‌ಡ್ರೈವುಗಳಲ್ಲಿ ಸರಿಯಾದ ಎಂಪಿ3 ಇಟ್ಟು ನೋಡಿದರೂ ಒಂದೂ ಹಾಡದಿದ್ದರೆ ಕಿಂಡಿಯನ್ನು ಅನುಮಾನಿಸಿ. ಮುಟ್ಟಿದರೆ ಅಲುಗಾಡಿ ಹಾಡು ಬಂದುಹೋಗಿ ಮಾಡಿದರೆ ಅದು ಸಡಿಲವಾಗಿದೆ; ಕಿಂಡಿ ಮಾತ್ರ ಬದಲಿಸಲಾಗುತ್ತದೆಯೇ ಕೇಳಿ. ಗಾಡಿ ಆರಿಸಿದಾಗಲೆಲ್ಲ ಸ್ಟೀರಿಯೊ ಗಡಿಯಾರ, ಎಫ್‌ಎಂ ನಿಲ್ದಾಣ, ಪೇರ್ ಮಾಡಿದ ಫೋನು ಎಲ್ಲವನ್ನೂ ಮರೆಯುತ್ತಿದ್ದರೆ ಅದಕ್ಕೆ ಸದಾ ವಿದ್ಯುತ್ ಕೊಡುವ ತಂತಿಯ ಕಡೆ ನೋಡಬೇಕು. ಹೊರಗೆ ಕೊಂಡು ಹಾಕಿಸಿದ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಹಳದಿ ತಂತಿ ಸದಾ ಬ್ಯಾಟರಿಗೆ, ಕೆಂಪು ತಂತಿ ಕೀಲಿ ತಿರುಗಿಸಿದಾಗ ಮಾತ್ರ. ಇವೆರಡು ಅದಲುಬದಲಾದರೆ ಸ್ಟೀರಿಯೊ ದಿನಾ ಹೊಸದಾಗಿ ಹುಟ್ಟುತ್ತದೆ. ಅದನ್ನು ನೀವು ಬಿಚ್ಚಲು ಹೋಗದೆ ಗಾಡಿಯ ಕರೆಂಟು ಕೆಲಸದವರಿಗೆ ತೋರಿಸಿ. ಇಷ್ಟೆಲ್ಲ ಆದಮೇಲೂ ಸೆಟ್ ಮೂಕವಾಗಿಯೇ ಇದ್ದರೆ ಅಂಗಡಿಯವರ ಮಾತು ಕೇಳಿ.

ಈ ಭಾನುವಾರ ಕಾರನ್ನು ಅಂಗಳದಲ್ಲೇ ನಿಲ್ಲಿಸಿಕೊಂಡು ಒಂದು ಗಂಟೆ ಕೊಡಿ. ಸಣ್ಣ ಪೆನ್‌ಡ್ರೈವು, ಫ್ಯಾಟ್32, ಎಲ್ಲವೂ ಎಂಪಿ3. ಫೋನಿನಲ್ಲಿ ಆ ಒಂದು ಸ್ವಿಚ್ಚು. ಹದಿನಾಲ್ಕು ಫೈಲುಗಳ ಹೆಸರಲ್ಲಿ ಒಂಬತ್ತಕ್ಕೆ ಮಾತ್ರ ಅಂಕಿಯ ಎಡಕ್ಕೊಂದು ಸೊನ್ನೆ ಸೇರಿಸಬೇಕು, ಉಳಿದ ಐದು ಇದ್ದ ಹಾಗೇ ಇರಲಿ. ಆಮೇಲೆ ಘಟ್ಟ ಇಳಿಯಿರಿ. ಸಂಧಾನ ಹೇಗೂ ಮುರಿಯುವುದೇ. ಕೃಷ್ಣ ಬಂದು, ಆಡಬೇಕಾದ್ದೆಲ್ಲ ಆಡಿದ ಮೇಲೆ ಮುರಿಯಲಿ.